ನಮ್ಮ ಮ್ಯಾಂಚೆಸ್ಟರ್‌ಗೆ ಯಾಕೆ ಅಂಥ ಟೌನ್ ಹಾಲ್ ಇಲ್ಲ?

ಪ್ರಶ್ನೆ: ನಾವು ದಾವಣಗೆರೆಯ ಪಿ.ಜೆ. ಬಡಾವಣೆಯವರು. ನಮ್ಮೂರನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಅಂತಾರಲ್ಲ, ಆ ಹೆಸರಿನ ಬಗ್ಗೆ ಮಗಳಿಗೆ ಶಾಲೆಯಲ್ಲಿ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಮೊಬೈಲ್‌ನಲ್ಲಿ ಹುಡುಕುವಾಗ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಟೌನ್ ಹಾಲ್ ಚಿತ್ರ ಸಿಕ್ಕಿತು. ಅರಮನೆ ಥರ ಇದೆ. ‘ನಮ್ಮೂರಲ್ಲೂ ಅಷ್ಟೊಂದು ಮಿಲ್ ಇದ್ವಲ್ಲ, ನಮಗ್ಯಾಕೆ ಇಂಥದ್ದಿಲ್ಲ?’ ಅಂತ ಮಗಳು ಕೇಳಿದಳು. ನನಗೂ ಒಂದು ಅನುಮಾನ. ಬೆಂಗಳೂರಿನ ಟೌನ್ ಹಾಲ್‌ನಲ್ಲಿ ಮೇಯರ್ ಕೂರುವುದಿಲ್ಲ, ನಾಟಕ, ಸಭೆ ನಡೆಯುತ್ತವೆ. ಮತ್ತೆ ಅದಕ್ಕೆ ಟೌನ್ ಹಾಲ್ ಅನ್ನುವುದು ಯಾಕೆ?

ಉತ್ತರ: ನಿಮ್ಮ ಮಗಳಿಗೆ ಮೊದಲು ಶಾಬಾಸ್ ಹೇಳಿ. ಈ ಊರಲ್ಲೇ ಕಟ್ಟಡಗಳ ಕೆಲಸ ಮಾಡಿಕೊಂಡು ಬಂದವನು ನಾನು. ಈ ಪ್ರಶ್ನೆಯನ್ನು ನನಗೆ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ. ನಿಮ್ಮದೂ ಅವಳದೂ ಎರಡು ಬೇರೆ ಪ್ರಶ್ನೆ ಅನ್ನಿಸುತ್ತೆ, ಆದರೆ ಉತ್ತರ ಒಂದೇ ಕಡೆ ಸಿಗುತ್ತದೆ. ಹಾಗಾಗಿ ನಿಮ್ಮ ಅನುಮಾನದಿಂದಲೇ ಶುರು ಮಾಡುತ್ತೇನೆ.

ಒಂದು ಊರಿನ ಆಡಳಿತಕ್ಕೆ ಎರಡು ಥರದ ಜಾಗ ಬೇಕು. ಒಂದು, ಕಡತ ಇಟ್ಟುಕೊಂಡು, ಕಂದಾಯ ಕಟ್ಟಿಸಿಕೊಂಡು, ಸದಸ್ಯರು ಕೂತು ತೀರ್ಮಾನ ಮಾಡುವ ಕಚೇರಿ. ಇನ್ನೊಂದು, ಊರಿನ ಜನ ಸೇರಿ ಭಾಷಣ ಕೇಳುವ, ನಾಟಕ ನೋಡುವ, ಸತ್ತವರಿಗೆ ಶ್ರದ್ಧಾಂಜಲಿ ಸಲ್ಲಿಸುವ, ಸಿಟ್ಟು ಬಂದಾಗ ಕೂಗಾಡುವ ಅಂಗಳ. ಇಂಗ್ಲೆಂಡಿನ ದೊಡ್ಡ ಕೈಗಾರಿಕಾ ಊರುಗಳಲ್ಲಿ ಇವೆರಡೂ ಒಂದೇ ಸೂರಿನಡಿ ಬಂದವು. ನಮ್ಮ ದೇಶದಲ್ಲಿ ಬಹುತೇಕ ಕಡೆ ಬೇರೆ ಬೇರೆಯಾದವು. ಕನ್ನಡದಲ್ಲೇ ನೋಡಿ, ‘ಪುರಭವನ’ ಅಂದರೆ ನಮಗೆ ಕಾರ್ಯಕ್ರಮ ನಡೆಯುವ ಸಭಾಂಗಣ. ಖಾತೆ ಬದಲಾಯಿಸಲು ಯಾರೂ ಪುರಭವನಕ್ಕೆ ಹೋಗುವುದಿಲ್ಲ, ‘ಕಾರ್ಪೊರೇಷನ್ನಿಗೆ ಹೋಗಿ ಬರ್ತೀನಿ’ ಅಂತೀವಿ.

ಈಗ ನಿಮ್ಮ ಮಗಳು ನೋಡಿದ ಆ ಚಿತ್ರಕ್ಕೆ ಬರೋಣ.

ಮ್ಯಾಂಚೆಸ್ಟರ್‌ಗೆ ಸ್ವಂತ ನಗರಸಭೆ ಬಂದದ್ದು 1838ರಲ್ಲಿ, ‘ಸಿಟಿ’ ಅನ್ನುವ ಪಟ್ಟ ಸಿಕ್ಕಿದ್ದು 1853ರಲ್ಲಿ. ಅಷ್ಟು ಹೊತ್ತಿಗೆ ಜಗತ್ತಿಗೆಲ್ಲ ಬಟ್ಟೆ ಮಾರುತ್ತಿದ್ದ ಊರದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಂದ ಬರುತ್ತಿದ್ದ ಹತ್ತಿ ನಿಂತಿತು. ಮಿಲ್‌ಗಳು ಬಾಗಿಲು ಹಾಕಿದವು, ಕೂಲಿಕಾರರು ಹಸಿದರು. ಆಗ ಅಲ್ಲಿನ ವರ್ತಕರ ಕಣ್ಣು ಬಿದ್ದದ್ದು ಇಂಡಿಯಾದ ಹತ್ತಿಯ ಮೇಲೆ. ನಮ್ಮ ಪಕ್ಕದ ಧಾರವಾಡ ಸೀಮೆಯ ಹತ್ತಿಗೆ ಒಮ್ಮೆಲೇ ಬೆಲೆ ಬಂದದ್ದು ಆ ವರ್ಷಗಳಲ್ಲೇ. 1865ರಲ್ಲಿ ಯುದ್ಧ ಮುಗಿಯಿತು. ಮೂರು ವರ್ಷ ಕಳೆದು, 1868ರಲ್ಲಿ, ಹೊಸ ಟೌನ್ ಹಾಲ್ ಕೆಲಸ ಆರಂಭವಾಯಿತು. ಅಂದರೆ ಅದು ಬರಗಾಲದಿಂದ ಎದ್ದುಬಂದ ಊರು ತನಗಾಗಿ ಕಟ್ಟಿಕೊಂಡ ಮನೆ. ಈ ಮಾತು ಪ್ರಾಜೆಕ್ಟ್‌ನಲ್ಲಿ ಇರಲಿ.

ವಿನ್ಯಾಸಕ್ಕೆ ಸ್ಪರ್ಧೆ ಇಟ್ಟರು. ನೂರಕ್ಕೂ ಜಾಸ್ತಿ ನಕ್ಷೆ ಬಂದವು. ಗೆದ್ದವರು ಆಲ್ಫ್ರೆಡ್ ವಾಟರ್‌ಹೌಸ್. ಅವರ ನಕ್ಷೆಯೇ ಎಲ್ಲಕ್ಕಿಂತ ಅಂದವಾಗಿತ್ತು ಅಂತಲ್ಲ, ಜಾಗವನ್ನು ಅವರಷ್ಟು ಚೆನ್ನಾಗಿ ಬಳಸಿದವರು ಇರಲಿಲ್ಲ. ನಿವೇಶನ ತ್ರಿಕೋನ. ಇಂಥ ನಿವೇಶನ ನಮ್ಮ ಕೈಗೆ ಬಂದರೆ ಒಂದು ಮೂಲೆ ಹಾಳು ಅಂತ ತಲೆ ಚಚ್ಚಿಕೊಳ್ಳುತ್ತೀವಿ. ಅವರು ಮೂರೂ ಬದಿಗೆ ಕಚೇರಿಗಳ ಸಾಲು ಇಟ್ಟರು, ನಡುವೆ ದೊಡ್ಡ ಸಭಾಂಗಣ ಕೂರಿಸಿದರು, ಅದರ ಸುತ್ತ ಉಳಿದ ಜಾಗವನ್ನು ಗಾಳಿ ಬೆಳಕಿಗೆ ತೆರೆದ ಅಂಗಳ ಮಾಡಿದರು. ಹೊರಗಿನ ಸಾಲು ಕಚೇರಿ, ಹೊಟ್ಟೆಯಲ್ಲಿ ಜನರ ಹಾಲ್. ನಾನು ಮೇಲೆ ಹೇಳಿದ ಎರಡೂ ಜಾಗ ಅಲ್ಲಿ ಒಂದರೊಳಗೊಂದು ಕೂತಿವೆ. ತೊಟ್ಟಿಮನೆ ನೋಡಿ ಬೆಳೆದವರಿಗೆ ಈ ನಕ್ಷೆ ಬೇಗ ಅರ್ಥವಾಗುತ್ತದೆ.

ಗೋಡೆಯ ಒಳಗೆ ಇರುವುದು ಇಟ್ಟಿಗೆ, ಸುಮಾರು 1 ಕೋಟಿ 40 ಲಕ್ಷ. ಹೊರಗೆ ಗಟ್ಟಿ ಮರಳುಗಲ್ಲಿನ ಹೊದಿಕೆ. ಮಿಲ್ ಹೊಗೆಗೆ ಕಲ್ಲು ತಿಂದುಹೋಗಬಾರದು ಅಂತ ಹುಡುಕಿ ತಂದ ಕಲ್ಲದು. ಆದರೂ ಹೊಗೆ ಹತ್ತಿ ಕಪ್ಪಗಾಗಿ, ಮುಂದೆ ತೊಳೆಸಬೇಕಾಯಿತು. ಗೋಪುರ 280 ಅಡಿ. ಚೂಪು ಕಮಾನು, ಕಡಿದಾದ ಚಾವಣಿ, ಉದ್ದುದ್ದ ಕಿಟಕಿ, ಇದೆಲ್ಲ ಗಾಥಿಕ್ ಶೈಲಿ. ಕಡಿದಾದ ಚಾವಣಿ ಮಳೆ ಮತ್ತು ಹಿಮ ಜಾರಿಹೋಗಲಿ ಅಂತ. ದೊಡ್ಡ ಕಿಟಕಿ, ವರ್ಷದ ಬಹುಪಾಲು ಮೋಡ ಕವಿದ ಊರಿಗೆ ಸಿಕ್ಕಷ್ಟು ಬೆಳಕು ಬರಲಿ ಅಂತ. ಆಗ ದೀಪ ಉರಿಯುತ್ತಿದ್ದದ್ದು ಗ್ಯಾಸಿನಿಂದ. ಆ ಗ್ಯಾಸ್ ಪೈಪುಗಳನ್ನು ಮೆಟ್ಟಿಲಿನ ಹಿಡಿಕಂಬಿಯ ಕೆಳಗೆ ಯಾರಿಗೂ ಕಾಣದ ಹಾಗೆ ಹಾಯಿಸಿದ್ದಾರೆ. ಇಂಥ ಸಣ್ಣ ಜಾಣತನ ಕಂಡಾಗ ನನಗೆ ಗೋಪುರಕ್ಕಿಂತ ಹೆಚ್ಚು ಖುಷಿಯಾಗುತ್ತದೆ.

ಸಭಾಂಗಣದ ಹೊರಗಿನ ನೆಲದ ಮೊಸಾಯಿಕ್‌ನಲ್ಲಿ ಜೇನುಹುಳುಗಳಿವೆ. ದುಡಿಮೆಯ ಊರು ಅನ್ನುವುದಕ್ಕೆ ಜೇನು ಅಲ್ಲಿನ ಗುರುತು. ಒಳಗೆ ಗೋಡೆ ಮೇಲೆ ಫೋರ್ಡ್ ಮ್ಯಾಡಾಕ್ಸ್ ಬ್ರೌನ್ ಬರೆದ 12 ದೊಡ್ಡ ಚಿತ್ರಗಳಿವೆ. ಅದರಲ್ಲೊಂದು ಜಾನ್ ಕೇ ಅನ್ನುವವರದು, ಮಗ್ಗದಲ್ಲಿ ನೂಲನ್ನು ಅತ್ತಿಂದಿತ್ತ ಬೇಗ ಒಯ್ಯುವ ಹಾರುಲಾಳಿ ಕಂಡುಹಿಡಿದವರು. ಯಂತ್ರದಿಂದ ಕೆಲಸ ಹೋಗುತ್ತೆ ಅಂತ ರೊಚ್ಚಿಗೆದ್ದ ಜನ ಮನೆಗೆ ನುಗ್ಗಿದ್ದಾರೆ, ಕೇ ಅವರನ್ನು ಬಟ್ಟೆಯಲ್ಲಿ ಸುತ್ತಿ ಹೊರಗೆ ಸಾಗಿಸುತ್ತಿದ್ದಾರೆ. ಲಾಳಿ, ಮಗ್ಗ, ಕೆಲಸ ಕಳೆದುಕೊಳ್ಳುವ ಭಯ. ನಮ್ಮೂರಿನ ಹಳೇ ಮಿಲ್ ಕಾರ್ಮಿಕರ ಮನೆಯವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ಉದ್ಘಾಟನೆಗೆ ವಿಕ್ಟೋರಿಯಾ ರಾಣಿಯನ್ನು ಕರೆದರು. ಅವರು ಬರಲಿಲ್ಲ. 1877ರ ಸೆಪ್ಟೆಂಬರ್‌ನಲ್ಲಿ ಊರಿನ ಮೇಯರ್ ಏಬೆಲ್ ಹೇವುಡ್ ತಾವೇ ಬಾಗಿಲು ತೆರೆದರು. ಹೇವುಡ್ ಚಿಕ್ಕ ವಯಸ್ಸಿನಲ್ಲಿ, ಸರ್ಕಾರದ ತೆರಿಗೆ ಮುದ್ರೆ ಇಲ್ಲದ ಅಗ್ಗದ ಪತ್ರಿಕೆ ಬಡವರಿಗೆ ಮಾರಿದ್ದಕ್ಕೆ ಜೈಲು ಕಂಡವರು. ಗೋಪುರದ ದೊಡ್ಡ ಗಂಟೆಗೆ ಅವರದೇ ಹೆಸರು. ರಾಣಿಯ ಹೆಸರಿರಬೇಕಾದ ಕಡೆ ಪತ್ರಿಕೆ ಮಾರಿದವನ ಹೆಸರಿದೆ. ಆ ಕಟ್ಟಡ ಯಾರದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ನನಗೆ ಗೊತ್ತಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಇಲ್ಲಿ ಮೊದಲು ಬಂದದ್ದು ಹಾಲ್, ಕಚೇರಿಯಲ್ಲ. ಕೋಲ್ಕತ್ತದ ಟೌನ್ ಹಾಲ್ 1813ರದು, ಕರ್ನಲ್ ಜಾನ್ ಗಾರ್ಸ್ಟಿನ್ ಕಟ್ಟಿಸಿದ್ದು. ಹಣ ಎತ್ತಿದ್ದು ಲಾಟರಿ ಟಿಕೆಟ್ ಮಾರಿ! ಅಲ್ಲಿನ ಯುರೋಪಿಯನ್ನರು ಸೇರುವುದಕ್ಕೆ ಅಂತ ಆದ ಕಟ್ಟಡ ಅದು. ಮುಂಬಯಿ ಟೌನ್ ಹಾಲ್ 1833ರದು. ದಪ್ಪ ಕಂಬ, 30 ಮೆಟ್ಟಿಲು. ಅಲ್ಲಿ ಈಗ ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯವಿದೆ. ಈ ಎರಡಕ್ಕೂ ಗ್ರೀಕ್-ರೋಮನ್ ಕಂಬ ಹಾಕಿದ್ದು, ಆಗ ಇಂಗ್ಲೆಂಡಿನಲ್ಲೂ ‘ಸಾರ್ವಜನಿಕ ಕಟ್ಟಡ’ ಅಂದರೆ ಅದೇ ವೇಷ ಅಂತ ಇದ್ದದ್ದರಿಂದ. ಗಾಥಿಕ್ ಹುಚ್ಚು ಹತ್ತಿದ್ದು ಆಮೇಲೆ.

ಕಚೇರಿಗಳು ದೊಡ್ಡದಾದದ್ದಕ್ಕೆ ಕಾರಣ ಲಾರ್ಡ್ ರಿಪ್ಪನ್. 1882ರ ಮೇ ತಿಂಗಳಲ್ಲಿ ವೈಸ್‌ರಾಯ್ ಆಗಿದ್ದ ಅವರು ಸ್ಥಳೀಯ ಆಡಳಿತದ ನಿರ್ಣಯ ಹೊರಡಿಸಿದರು. ಊರಿನ ಚರಂಡಿ, ರಸ್ತೆ, ದೀಪದ ವಿಚಾರವನ್ನು ಊರಿನವರೇ ನೋಡಿಕೊಳ್ಳಲಿ, ಸದಸ್ಯರನ್ನು ಆದಷ್ಟು ಚುನಾವಣೆಯಿಂದ ಆರಿಸಲಿ ಅನ್ನುವುದು ಅದರ ತಿರುಳು. 1884ರ ಡಿಸೆಂಬರ್‌ನಲ್ಲಿ ಮುಂಬಯಿ ಪಾಲಿಕೆ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರೂ ಅವರೇ. ಎದುರಿನ ವಿಕ್ಟೋರಿಯಾ ಟರ್ಮಿನಸ್ (ಈಗಿನ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣದ ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್ ಇದನ್ನೂ ಮಾಡಿದರು. 1893ರಲ್ಲಿ ಮುಗಿಯಿತು. ಗಾಥಿಕ್ ಕಮಾನಿನ ಮೇಲೆ ನಮ್ಮ ಕಡೆಯ ಗುಮ್ಮಟ ಕೂರಿಸಿದ್ದಾರೆ. ರಸ್ತೆಯ ಒಂದು ಬದಿ ರೈಲಿನವರು, ಇನ್ನೊಂದು ಬದಿ ಊರಿನವರು, ಇಬ್ಬರೂ ಒಬ್ಬನೇ ಶಿಲ್ಪಿಯ ಕೈಯಲ್ಲಿ ಪೈಪೋಟಿಗೆ ನಿಂತ ಹಾಗೆ ಕಾಣುತ್ತದೆ. ಬಾಗಿಲ ಮುಂದೆ ನಿಂತಿರುವುದು ಫಿರೋಜ್‌ಷಾ ಮೆಹ್ತಾ ಅವರ ಪ್ರತಿಮೆ. ಮುಂಬಯಿ ನಗರಾಡಳಿತಕ್ಕೆ ರೂಪ ಕೊಟ್ಟವರು ಅವರು.

ಚೆನ್ನೈ ಪಾಲಿಕೆಯ ಬಿಳಿ ಕಟ್ಟಡಕ್ಕಂತೂ ರಿಪ್ಪನ್ ಹೆಸರೇ ಇದೆ. ಆ ಪಾಲಿಕೆ 1688ರಷ್ಟು ಹಳೆಯದು. ಕಟ್ಟಡ ಮುಗಿದದ್ದು 1913ರಲ್ಲಿ, ಏಳೂವರೆ ಲಕ್ಷ ರೂಪಾಯಿ ಖರ್ಚಿನಲ್ಲಿ.

ನಮ್ಮ ಮೈಸೂರು ಸೀಮೆಯ ದಾರಿ ಬೇರೆಯಾಯಿತು. ನೀವು ಬೆಂಗಳೂರಿನ ಬಗ್ಗೆ ಕೇಳಿದ್ದಕ್ಕೆ ಉತ್ತರ ಇದು. 1881ರಲ್ಲಿ ಆಡಳಿತ ಮತ್ತೆ ಒಡೆಯರ ಕೈಗೆ ಬಂದಾಗ ದಿವಾನರಾಗಿದ್ದವರು ಸಿ. ರಂಗಾಚಾರ್ಲು. ರೈತರು, ವರ್ತಕರು ವರ್ಷಕ್ಕೊಮ್ಮೆ ಬಂದು ಕಷ್ಟ ಹೇಳಿಕೊಳ್ಳಲಿ ಅಂತ ಪ್ರಜಾಪ್ರತಿನಿಧಿ ಸಭೆ ಆರಂಭಿಸಿದವರು. 1883ರಲ್ಲಿ ತೀರಿಕೊಂಡರು. ಮರುವರ್ಷವೇ ಮೈಸೂರಿನಲ್ಲಿ ಅವರ ನೆನಪಿಗೆ ಒಂದು ಹಾಲ್‌ಗೆ ಅಡಿಗಲ್ಲು ಬಿತ್ತು. ಅದೇ ಮೈಸೂರಿನ ಪುರಭವನ. ಬೆಂಗಳೂರಿನದು ಅರ್ಧ ಶತಮಾನ ಆದಮೇಲೆ ಬಂತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟರು, 1935ರಲ್ಲಿ ಬಾಗಿಲು ತೆರೆಯಿತು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಹೆಸರು ನಗರಸಭೆಯ ಅಧ್ಯಕ್ಷರಾಗಿದ್ದ ದಾನಿ ಕೆ.ಪಿ. ಪುಟ್ಟಣ್ಣಚೆಟ್ಟಿ ಅವರದು. ಎರಡೂ ಕಡೆ ಕಟ್ಟಿದ್ದು ಹಾಲ್ ಮಾತ್ರ. ನಗರಸಭೆಯ ಕಚೇರಿ ಬೇರೆ ಕಟ್ಟಡದಲ್ಲಿ ಉಳಿಯಿತು. ಹಾಗಾಗಿ ನಮ್ಮ ಬಾಯಲ್ಲಿ ‘ಟೌನ್ ಹಾಲ್’ ಅಂದರೆ ಜನ ಸೇರುವ ಜಾಗ ಅಂತಲೇ ನಿಂತುಹೋಯಿತು. ಹೆಸರು ತಪ್ಪಾಗಿಲ್ಲ. ಇಂಗ್ಲೆಂಡಿನ ಟೌನ್ ಹಾಲ್‌ನ ಎರಡು ಅರ್ಧಗಳಲ್ಲಿ ನಾವು ಒಂದನ್ನು ತೆಗೆದುಕೊಂಡೆವು ಅಷ್ಟೇ.

ಬೆಂಗಳೂರಿನ ಟೌನ್ ಹಾಲ್ ಮುಂದೆ ನಿಂತಾಗ ಕಂಬಕ್ಕಿಂತ ಮೆಟ್ಟಿಲು ನೋಡಿ. ಅಷ್ಟು ಅಗಲದ ಮೆಟ್ಟಿಲು ಒಳಗೆ ಹೋಗುವುದಕ್ಕೆ ಬೇಕಾಗಿರಲಿಲ್ಲ. ಆದರೆ ಆ ಮೆಟ್ಟಿಲ ಮೇಲೆ ಎಷ್ಟೋ ಚಳವಳಿಗಳು ಕೂತಿವೆ, ಎಷ್ಟೋ ಜನ ಕೈಯಲ್ಲಿ ಮೇಣದ ಬತ್ತಿ ಹಿಡಿದು ನಿಂತಿದ್ದಾರೆ. ಹಾಲ್ ಬಾಗಿಲು ಮುಚ್ಚಿದ್ದರೂ ಆಗೆಲ್ಲ ಮೆಟ್ಟಿಲು ತೆರೆದೇ ಇರುತ್ತಿತ್ತು. ನನ್ನ ಪ್ರಕಾರ ಆ ಕಟ್ಟಡದ ನಿಜವಾದ ಹಾಲ್ ಆ ಮೆಟ್ಟಿಲೇ.

ಇನ್ನು ದಾವಣಗೆರೆ. ಬೇತೂರಿನ ಪಕ್ಕದ ಸಣ್ಣ ಹಳ್ಳಿಯಾಗಿತ್ತು ನಮ್ಮೂರು. ಹೈದರಾಲಿ ಇದನ್ನು ಒಬ್ಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವರ್ತಕರನ್ನು ಕರೆಸಿ ನೆಲೆ ನಿಲ್ಲಿಸಿದ. ಊರು ಬೆಳೆದದ್ದು ಪೇಟೆಯಾಗಿ, ರಾಜಧಾನಿಯಾಗಿ ಅಲ್ಲ. ಅಧಿಕಾರ ಇದ್ದದ್ದು ಚಿತ್ರದುರ್ಗದಲ್ಲಿ. ನಾಯಕರ ಕಾಲದಲ್ಲೂ ಅಲ್ಲೇ, ಆಮೇಲೆ ಜಿಲ್ಲೆ ಆದಾಗಲೂ ಅಲ್ಲೇ. 1997ರ ಆಗಸ್ಟ್ 15ರವರೆಗೆ ನಾವು ಚಿತ್ರದುರ್ಗ ಜಿಲ್ಲೆಯವರೇ. ಪಾಲಿಕೆಯಾದದ್ದು 2007ರಲ್ಲಿ. ಸರ್ಕಾರದ ದೊಡ್ಡ ಕಟ್ಟಡಗಳು ಜಿಲ್ಲಾ ಕೇಂದ್ರಕ್ಕೆ ಹೋಗುವುದು ಎಲ್ಲ ಕಡೆ ಇರುವ ರೂಢಿ.

ಮಿಲ್‌ಗಳು ಜೋರಾಗಿ ನಡೆದದ್ದು ಇಪ್ಪತ್ತನೇ ಶತಮಾನದ ನಡುಭಾಗದಲ್ಲಿ. ಮ್ಯಾಂಚೆಸ್ಟರ್ ಟೌನ್ ಹಾಲ್ ಎದ್ದು ಆಗಲೇ ಎರಡು ಮೂರು ತಲೆಮಾರು ಕಳೆದಿತ್ತು. ಕಟ್ಟುವ ರೀತಿಯೇ ಬದಲಾಗಿತ್ತು. ಸಿಮೆಂಟು ಬಂದಿತ್ತು, ಭದ್ರಾವತಿಯಲ್ಲೇ ತಯಾರಾಗುತ್ತಿತ್ತು. ಆರ್‌ಸಿಸಿ ಚಪ್ಪಡಿ ಹಾಕಿದರೆ ತಿಂಗಳುಗಳಲ್ಲಿ ಕಟ್ಟಡ ರೆಡಿ. ಕಲ್ಲು ಕೆತ್ತಿಸಿ, ಗಾರೆ ಅರೆಸಿ ಹತ್ತು ವರ್ಷ ಕಾಯುವವರು ಯಾರು?

ಗಾರೆ ಅಂದೆನಲ್ಲ, ಇದೊಂದು ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಕ್ಷಮಿಸಿ. ಚೆನ್ನೈನ ರಿಪ್ಪನ್ ಕಟ್ಟಡವಾಗಲಿ, ನಮ್ಮ ಸೀಮೆಯ ಹಳೇ ತಾಲ್ಲೂಕು ಕಚೇರಿಗಳಾಗಲಿ, ನಿಂತಿರುವುದು ಸುಣ್ಣದ ಮೇಲೆ. ಸುಟ್ಟ ಸುಣ್ಣದ ಕಲ್ಲನ್ನು ನೀರಲ್ಲಿ ಅರಳಿಸಿ, ಮರಳು ಸೇರಿಸಿ, ಗಾಣಕ್ಕೆ ಹಾಕುತ್ತಿದ್ದರು. ನೆಲದಲ್ಲಿ ದುಂಡಗೆ ತೋಡಿದ ಕಲ್ಲಿನ ಕಾಲುವೆ, ಅದರೊಳಗೆ ಉರುಳುವ ಕಲ್ಲಿನ ಗಾಲಿ, ಎಳೆಯುವುದಕ್ಕೆ ಎತ್ತು. ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಹಾಕಿ, ಬೆಣ್ಣೆಯ ಹದಕ್ಕೆ ಬರುವ ತನಕ ಅರೆಯುತ್ತಿದ್ದರು. ಚಾವಣಿಗೆ ತೇಗದ ಜಂತೆ ಜೋಡಿಸಿ, ಅದರ ಮೇಲೆ ತೆಳು ಇಟ್ಟಿಗೆಯನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಗಾರೆ ತುಂಬಿದರೆ ಮದ್ರಾಸ್ ತಾರಸಿ. ಕೆಳಗೆ ನಿಂತು ತಲೆಯೆತ್ತಿದರೆ ಜಂತೆಗಳ ನಡುವೆ ಓರೆ ಇಟ್ಟಿಗೆಯ ಸಾಲು ಕಾಣುತ್ತದೆ. ಬೇಸಿಗೆಯಲ್ಲಿ ಅಂಥ ಕೋಣೆಗೆ ಕಾಲಿಟ್ಟರೆ ಮೈಗೆ ತಂಪು ಗೊತ್ತಾಗುತ್ತದೆ. ಗೋಡೆ ದಪ್ಪ, ಚಾವಣಿ ಎತ್ತರ, ಬಿಸಿಗಾಳಿ ಮೇಲಿನ ಬೆಳಕಿಂಡಿಯಿಂದ ಹೊರಗೆ. ಮ್ಯಾಂಚೆಸ್ಟರ್‌ನವರು ಬೆಚ್ಚಗಿರಲು ಪೈಪಿನಲ್ಲಿ ಬಿಸಿನೀರು ಹರಿಸಿದರು. ನಮ್ಮವರು ತಂಪಿಗೆ ಪಡಸಾಲೆ ಇಟ್ಟರು.

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಊರಿನ ಹಳೇ ಕಚೇರಿ ನೋಡಲು ನನ್ನನ್ನು ಕರೆದಿದ್ದರು. ಗೋಡೆ ಒದ್ದೆ ಅಂತ ದೂರು. ಹೋಗಿ ನೋಡಿದರೆ ಸುಣ್ಣದ ಗೋಡೆಗೆ ಯಾರೋ ಸಿಮೆಂಟ್ ಮೆತ್ತಿಸಿದ್ದಾರೆ, ಮೇಲೆ ಹೊಳೆಯುವ ಪೇಂಟ್. ಬೆರಳಿನಿಂದ ತಟ್ಟಿದೆ. ಡಬ್ ಡಬ್ ಅಂತ ಟೊಳ್ಳು ಸದ್ದು. ಸ್ವಲ್ಪ ಎಬ್ಬಿಸಿದ್ದಕ್ಕೆ ತಟ್ಟೆಯಷ್ಟಗಲದ ಪದರ ಕೈಗೆ ಬಂತು. ಹಿಂದೆ ಇಟ್ಟಿಗೆ ಮೇಲೆ ಬಿಳಿ ಉಪ್ಪು ಹೂವಿನ ಹಾಗೆ ಅರಳಿತ್ತು. ಸುಣ್ಣದ ಗೋಡೆ ಉಸಿರಾಡುತ್ತದೆ. ನೆಲದಿಂದ ಏರಿದ ತೇವ ಮೈಯಿಂದ ಆರಿಹೋಗುತ್ತದೆ. ಸಿಮೆಂಟು ಮೆತ್ತಿದರೆ ಆ ತೇವ ಒಳಗೇ ಸಿಕ್ಕಿಬಿದ್ದು, ಉಪ್ಪು ಕಟ್ಟಿ, ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ‘ರಿಪೇರಿ ಮಾಡಿಸಿದ್ವಿ, ಆಮೇಲೇ ಜಾಸ್ತಿ ಹಾಳಾಯ್ತು’ ಅಂದರು ಅಲ್ಲಿದ್ದವರು. ಅವರು ಹೇಳಿದ್ದು ಅಕ್ಷರಶಃ ನಿಜ. ಚಿತ್ರದುರ್ಗದ ಕೋಟೆಯೊಳಗೆ ನಾಯಕರ ಅರಮನೆಯ ಮಣ್ಣಿನ ಗೋಡೆಗಳು ಸೂರಿಲ್ಲದೆ ಇವತ್ತಿಗೂ ನಿಂತಿವೆ. 1779ರಲ್ಲಿ ಕೋಟೆ ಹೈದರನ ಪಾಲಾಯಿತು, ಅಲ್ಲಿಂದ ಎಷ್ಟು ಮಳೆಗಾಲ ಎಣಿಸಿ. ಅದೇ ಹಳೇ ಗೋಡೆಗೆ ತಪ್ಪು ಮದ್ದು ಹಚ್ಚಿದರೆ ಹತ್ತು ಮಳೆಗಾಲಕ್ಕೇ ಕೂರುತ್ತದೆ. ನಿಮ್ಮ ಪರಿಚಯದವರಲ್ಲಿ ಯಾರಾದರೂ ಹಳೇ ಮನೆ ರಿಪೇರಿ ಮಾಡಿಸುತ್ತಿದ್ದರೆ ದಯವಿಟ್ಟು ಇದನ್ನು ಹೇಳಿ.

ದಾವಣಗೆರೆಗೆ ವಾಪಸ್. ನೆಲದ ವಿಚಾರವೂ ಒಂದಿದೆ. ಹತ್ತಿಗೆ ಒಗ್ಗುವ ಎರೆಮಣ್ಣು ಕಟ್ಟಡಕ್ಕೆ ಒಗ್ಗುವುದಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅಂಥ ನೆಲದಲ್ಲಿ 280 ಅಡಿ ಗೋಪುರ ಅಂದರೆ ಅಡಿಪಾಯಕ್ಕೇ ಒಂದು ಕಟ್ಟಡದ ದುಡ್ಡು ಬೇಕು.

ಆದರೆ ಮುಖ್ಯ ಮಾತು ಇದ್ಯಾವುದೂ ಅಲ್ಲ. ನಿಮ್ಮ ಮಗಳು ಕೇಳಿದ್ದು, ಅಷ್ಟು ದುಡ್ಡಿತ್ತಲ್ಲ, ಎಲ್ಲಿ ಹೋಯಿತು ಅಂತ. ಅದು ಹೋದ ಕಡೆ ಅವಳು ದಿನಾ ಓಡಾಡುತ್ತಾಳೆ. ಜಿಲ್ಲಾಸ್ಪತ್ರೆಯನ್ನು ನಾವು ಚಿಗಟೇರಿ ಆಸ್ಪತ್ರೆ ಅನ್ನುವುದು ದಾನಿಗಳ ಹೆಸರಿನಿಂದ. ಡಿ.ಆರ್.ಎಂ. ಕಾಲೇಜು ಅನ್ನುತ್ತೇವೆ. ಆ ಮೂರು ಅಕ್ಷರ ಬಿಡಿಸಿದರೆ ಧರ್ಮರತ್ನಾಕರ ರಾಜನಹಳ್ಳಿ ಮದ್ದೂರಾಯಪ್ಪ. ಅದೇ ರಾಜನಹಳ್ಳಿ ಹೆಸರಿನಲ್ಲಿ ಹನುಮಂತಪ್ಪ ಛತ್ರವಿದೆ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಬಂತು, 1965ರಲ್ಲಿ ಜೆ.ಜೆ.ಎಂ. ಮೆಡಿಕಲ್ ಕಾಲೇಜು. ಇಲ್ಲಿನ ವರ್ತಕರು ಕೊಟ್ಟದ್ದು ತಂಗುವವನಿಗೆ ಛತ್ರ, ಕಾಯಿಲೆಯವನಿಗೆ ಆಸ್ಪತ್ರೆ, ಮಕ್ಕಳಿಗೆ ಕಾಲೇಜು. ಊರಿನ ಹೆಸರಿನಲ್ಲಿ ಒಂದು ದೊಡ್ಡ ಹಾಲ್ ಕಟ್ಟುವುದು ಅವರ ದಾನದ ಪಟ್ಟಿಯಲ್ಲಿ ಮೇಲೆ ಬರಲಿಲ್ಲ. ಜನ ಸೇರಲು ಹೈಸ್ಕೂಲ್ ಮೈದಾನ ಇತ್ತು, ದುಗ್ಗಮ್ಮನ ಗುಡಿ ಮುಂದಿನ ಬಯಲಿತ್ತು.

ಇದಕ್ಕೆ ನನಗೆ ಹೆಮ್ಮೆಯೂ ಇದೆ, ಬೇಜಾರೂ ಇದೆ. ಮ್ಯಾಂಚೆಸ್ಟರ್‌ನ ಗೋಡೆ ಮೇಲೆ ಹಾರುಲಾಳಿಯವನ ಚಿತ್ರವಿದೆ. ನಮ್ಮಲ್ಲಿ ಮೂರು ಪಾಳಿಯಲ್ಲಿ ಮಗ್ಗದ ಮುಂದೆ ನಿಂತವರ ನೆನಪಿಗೆ ಅಂಥ ಒಂದು ಗೋಡೆ ಬೇಕಿತ್ತು. ಮಿಲ್ ಮುಚ್ಚಿದವು, ಸೈರನ್ ನಿಂತಿತು. ಆ ಸದ್ದು ಕೇಳಿ ಎದ್ದವರು ಈಗ ಅಜ್ಜ ಅಜ್ಜಿಯರು. ಮಗಳ ಪ್ರಾಜೆಕ್ಟ್‌ಗೆ ಮ್ಯಾಂಚೆಸ್ಟರ್ ಚಿತ್ರದ ಪಕ್ಕ ಅಂಥ ಒಬ್ಬರ ಮಾತು ಬರೆಸಿ. ಎಷ್ಟು ಗಂಟೆಗೆ ಸೈರನ್ ಆಗುತ್ತಿತ್ತು, ಹತ್ತಿ ಧೂಳು ಹೇಗಿರುತ್ತಿತ್ತು, ಸಂಬಳದ ದಿನ ಏನು ತರುತ್ತಿದ್ದರು ಅಂತ ಕೇಳಲಿ.

ಗೋಪುರದ ಗಡಿಯಾರ ನಮ್ಮಲ್ಲಿ ಎಲ್ಲಿ ಹೋಯಿತು ಅಂತಲೂ ಅವಳು ಕೇಳಬಹುದು. ಅದು ಕಟ್ಟಡದಿಂದ ಇಳಿದು ಬೀದಿಗೆ ಬಂತು. ನಮ್ಮ ಹಳೇ ಪೇಟೆಯ ಗಡಿಯಾರ ಕಂಬ ನೋಡಿದ್ದಾಳಲ್ಲ, ಅದೇ. ಮೈಸೂರಿನಲ್ಲೂ ಹಾಗೇ, ಪುರಭವನ ಒಂದು ಕಡೆ, ಅದರೆದುರು ದೊಡ್ಡ ಗಡಿಯಾರ ಬೇರೆ. 1927ರಲ್ಲಿ ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ್ದು, 75 ಅಡಿ. ರಜೆಯಲ್ಲಿ ಮೈಸೂರಿಗೆ ಹೋದರೆ ಅದರ ಕೆಳಗೆ ಐದು ನಿಮಿಷ ನಿಲ್ಲಿಸಿ, ಗಂಟೆ ಎಷ್ಟಾಯಿತು ಅಂತ ಕೇಳಿ. ಮುಖದ ಮೇಲಿನ ಅಂಕಿಗಳೆಲ್ಲ ಕನ್ನಡದಲ್ಲಿವೆ.